ಹಿಂದಿನ ಸೀಟಿನ ಠೂ

ಹನ್ನೊಂದು ವರ್ಷ ಶಾಲೆಯ ಮಕ್ಕಳ ವ್ಯಾನು ಓಡಿಸಿದವನು ನಾನು. ಒಂದು ನಾಯಿಮರಿಗೂ ಗಾಲಿ ತಾಗಿಸಿದವನಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಹಾಗೆ ಹೇಳಲು ನನಗೆ ಬಾಯಿಲ್ಲ. ಆದರೂ ನಡೆದದ್ದನ್ನು ಹೇಳಬೇಕು, ಏಕೆಂದರೆ ಪೊಲೀಸರಿಗೆ ನಾನು ಹೇಳಿದ್ದು ಅರ್ಧ ಮಾತ್ರ.

ಮೊದಲು ನನ್ನ ವ್ಯಾನಿನ ಪದ್ಧತಿ ತಿಳಿಯಬೇಕು. ಹಿಂದಿನ ಗಾಜಿಗೆ ಒತ್ತಿಕೊಂಡು ಮಕ್ಕಳ ಚೀಲಗಳ ರಾಶಿ. ಪಕ್ಕದ ಕನ್ನಡಿಯಲ್ಲಿ ಕಾಂಪೌಂಡ್ ಗೋಡೆ ಕಾಣುತ್ತಿತ್ತೇ ಹೊರತು ಗಾಡಿಯ ಬೆನ್ನ ಹಿಂದೆ ಏನಿದೆ ಎಂದು ಕಾಣುತ್ತಿರಲಿಲ್ಲ. ಕ್ಲೀನರ್ ಇಲ್ಲ. ಕೊನೆಯ ಸೀಟಿನ ಬಲತುದಿಯಲ್ಲಿ ಕೂತವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ ಹೇಳಬೇಕು. ದಾರಿ ಇದ್ದರೆ "ಬರ್ಲಿ, ಬರ್ಲಿ", ಏನಾದರೂ ಅಡ್ಡ ಬಂದರೆ "ಹೋಲ್ಡಾನ್". ಮಕ್ಕಳು ದೊಡ್ಡವರಾದ ಹಾಗೆ ಬೀದಿಯಲ್ಲಿ "ಬರ್ಲಿ ಬರ್ಲಿ" ಎಂದು ಕೂಗಲು ನಾಚಿಕೊಂಡರು. ಆಯಿತು, ಅಡ್ಡ ಇದ್ದರೆ ಮಾತ್ರ ಕೂಗಿ, ನೀವು ಸುಮ್ಮನಿದ್ದರೆ ದಾರಿ ಖಾಲಿ ಅಂದುಕೊಳ್ಳುತ್ತೇನೆ ಎಂದೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಕ್ಕೆ ಬೇರೆ. ಆ ನಗು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕೊನೆಯ ಸೀಟು ಒಂಬತ್ತನೇ ಕ್ಲಾಸಿನ ನಾಲ್ಕು ಹುಡುಗಿಯರದು. ಅಲ್ಲಿ ಬೇರೆಯವರು ಕೂರುವಂತಿಲ್ಲ. ಒಬ್ಬಳು ಡಾಕ್ಟರ ಮಗಳು, ಅವಳಿಗೆ ನಾನು ಇಟ್ಟ ಹೆಸರು ಲೀಡರಮ್ಮ. ಇನ್ನಿಬ್ಬರು ಅಣ್ಣತಮ್ಮಂದಿರ ಮಕ್ಕಳು, ಲೀಡರಮ್ಮ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ನಾಲ್ಕನೆಯವಳು ಜೆರಾಕ್ಸ್ ಅಂಗಡಿಯವರ ಮಗಳು. ನೋಡಲು ಪುಟಾಣಿ, ಬಾಯಿ ಮಾತ್ರ ಒಂದು ಗಳಿಗೆ ಮುಚ್ಚುವುದಿಲ್ಲ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ನನ್ನ ಮಗಳೂ ಅದೇ ಕ್ಲಾಸು. ಅವಳು ಎರಡು ವರ್ಷ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಹಿಂದಿನವರು ಅವಳನ್ನು "ಸ್ಟೇರಿಂಗು" ಎಂದು ಕರೆಯುತ್ತಿದ್ದರು. ಅವರು ನಕ್ಕಾಗಲೆಲ್ಲ ಇವಳ ಕುತ್ತಿಗೆ ಭುಜದೊಳಗೆ ಇಳಿಯುತ್ತಿತ್ತು. ಮನೆಯಲ್ಲಿ ಊಟ ಬಿಡುತ್ತಿದ್ದಳು, ಜ್ವರವೆಂದು ಸುಳ್ಳು ಹೇಳಿ ಮಲಗುತ್ತಿದ್ದಳು. ಆ ಗುಂಪಿನಲ್ಲಿ ಗುಬ್ಬಿ ಒಬ್ಬಳೇ ಆಗಾಗ ಮುಂದೆ ಬಗ್ಗಿ ಇವಳ ಜೊತೆ ಎರಡು ಮಾತಾಡುತ್ತಿದ್ದದ್ದು.

ಒಂದು ದಿನ ಟೀಚರ್ ಕ್ಲಾಸಿಗೆ ಫೋನ್ ತಂದವರು ಯಾರು ಎಂದು ಕೇಳಿದರಂತೆ. ಗುಬ್ಬಿಯ ಬಾಯಿ ತಾನೇ, ಲೀಡರಮ್ಮನ ಹೆಸರು ಜಾರಿಬಿಟ್ಟಿತು. ಅವತ್ತೇ ಸಂಜೆ ವ್ಯಾನಿನಲ್ಲಿ ಲೀಡರಮ್ಮ ಕಿರುಬೆರಳು ತೋರಿಸಿ "ಠೂ" ಅಂದಳು. ಪಕ್ಕದ ಇಬ್ಬರೂ "ಠೂ" ಅಂದರು. ನನಗೆ ನಗು ಬಂತು. ಒಂದನೇ ಕ್ಲಾಸಿನ ಮಕ್ಕಳು ಪೆನ್ಸಿಲ್ ತುಂಡಿಗೆ ಜಗಳವಾಡಿ ಬಿಡುವ ಠೂ, ಮಧ್ಯಾಹ್ನಕ್ಕೆ ಬಿಟ್ಟು ಸಂಜೆಗೆ ಮರೆಯುವ ಠೂ! ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಮಕ್ಕಳದು ಅಷ್ಟೂ ಇಲ್ಲ ಅಂದುಕೊಂಡೆ.

ಹದಿನಾಲ್ಕರ ಹುಡುಗಿಯರ ಠೂ ಬೇರೆಯೇ ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ಕಾನೂನಿತ್ತು. ಗುಬ್ಬಿಯ ಜೊತೆ ಮಾತಾಡುವಂತಿಲ್ಲ, ಅವಳ ಹೆಸರು ಹೇಳುವಂತಿಲ್ಲ, ಅವಳಿಗಾಗಿ ಬಾಯಿ ಬಿಡುವಂತಿಲ್ಲ. ಬಿಟ್ಟವರಿಗೆ ಆ ಕ್ಷಣದಿಂದಲೇ ಠೂ. ಇಡೀ ಕ್ಲಾಸು ಅದನ್ನು ಪಾಲಿಸಿತು. ಮೇಷ್ಟರ ಮಾತಿಗೆ ಕವಡೆ ಕಿಮ್ಮತ್ತು ಕೊಡದ ಮಕ್ಕಳು ಒಬ್ಬ ಹುಡುಗಿಯ ಕಿರುಬೆರಳಿಗೆ ಹೆದರಿದರು.

ಮರುದಿನ ಗುಬ್ಬಿ ವ್ಯಾನು ಹತ್ತಿದಾಗ ಅವಳ ಜಾಗದಲ್ಲಿ ಚೀಲ ಇತ್ತು. ಅವಳು ನಿಂತೇ ಇದ್ದಳು. ಆಗ ಲೀಡರಮ್ಮ ಚೀಲ ಎತ್ತಿ ಕೂಗಿದಳು, "ಏ ಸ್ಟೇರಿಂಗು, ಬಾರೇ ಇಲ್ಲಿ." ನನ್ನ ಮಗಳು ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಹೋಗು ಎಂದೆ. ಅವಳು ಹೋಗಿ ಬಲತುದಿಯಲ್ಲಿ ಕೂತಳು, ಗುಬ್ಬಿ ಬಂದು ನನ್ನ ಪಕ್ಕ ಕೂತಳು. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತು ರಾತ್ರಿ ಮಗಳು ಎರಡನೇ ಸಲ ಬಡಿಸಿಕೊಂಡು ಉಂಡಳು.

ವಾರದೊಳಗೆ ಅವಳು ಅವರ ಅಚ್ಚಿಗೆ ಬಿದ್ದಳು. ಅದೇ ಕ್ಲಿಪ್ಪು, ಅದೇ ರಾಗದ "ಅಯ್ಯೋ". ಹಿಂದಿನಿಂದ ನಗು ಕೇಳಿದರೆ ಅದರಲ್ಲಿ ನನ್ನ ಮಗಳದು ಯಾವುದು ಎಂದು ಹೆತ್ತಪ್ಪನಾದ ನನಗೇ ತಿಳಿಯುತ್ತಿರಲಿಲ್ಲ. ಒಂದು ದಿನ ಇಳಿಯುವಾಗ ಎಲ್ಲರ ಜೊತೆ ನನಗೆ "ಬೈ ಅಂಕಲ್" ಅಂದಳು. ಮನೆಯಲ್ಲಿ ಕೇಳಿದರೆ "ಬಾಯಿ ತಪ್ಪಿ ಬಂತಪ್ಪ" ಎಂದಳು. ಬಾಯಿ ತಪ್ಪಿ ಬಂದದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗುಬ್ಬಿ ಮೊದಲ ದಿನಗಳಲ್ಲಿ ನನ್ನ ಜೊತೆ ಮಾತಾಡಿದಳು. ಗೇರು ಎಷ್ಟು, ಹಾರನ್ ಯಾಕೆ ಹೀಗೆ ಕೆಮ್ಮುತ್ತೆ ಎಂದೆಲ್ಲ. ಎರಡನೇ ವಾರಕ್ಕೆ ಆ ಮಾತೂ ನಿಂತಿತು. ಒಂದು ಸಂಜೆ ತಗ್ಗಿದ ದನಿಯಲ್ಲಿ ಕೇಳಿದಳು.

"ಅಂಕಲ್, ಮನೇಲಿ ಅವಳು ನನ್ ಬಗ್ಗೆ ಏನಾದ್ರೂ ಅಂತಾಳಾ?"

ಏನೂ ಅನ್ನುತ್ತಿರಲಿಲ್ಲ. ಇಲ್ಲಮ್ಮ ಎನ್ನಬಹುದಿತ್ತು, ನಾನು ಹೇಳಿ ನೋಡ್ತೀನಿ ಬಿಡು ಎನ್ನಬಹುದಿತ್ತು. ಆದರೆ ಹಿಂದೆ ನಾಲ್ಕು ಜೊತೆ ಕಿವಿಗಳು ನೆಟ್ಟಗಾಗಿದ್ದವು. ನಾನು ರೇಡಿಯೊ ಸದ್ದು ಜಾಸ್ತಿ ಮಾಡಿದೆ. ನಲವತ್ತಾರು ವರ್ಷದ ಗಂಡಸು ನಾನು.

ಅವತ್ತು ಮನೆಯಲ್ಲಿ ಮನಸ್ಸು ತಡೆಯಲಿಲ್ಲ.

"ಒಂದು ಮಾತಾಡಿಸಿದ್ರೆ ನಿನ್ ಗಂಟೇನು ಹೋಗುತ್ತೆ?" ಎಂದೆ.

"ಮತ್ತೆ ನಾನು ಮುಂದಿನ ಸೀಟಿಗೆ ಹೋಗ್ಬೇಕಾ? ಹೋಗು ಅಂದ್ರೆ ಹೋಗ್ತೀನಿ. ಹೇಳಪ್ಪ, ಹೋಗ್ಲಾ?"

ಕಣ್ಣು ತುಂಬಿಕೊಂಡಿದ್ದಳು. ಒಲೆಯ ಮುಂದಿದ್ದ ಹೆಂಡತಿ ತಿರುಗಿ, "ಈಗಷ್ಟೇ ಮಗು ನಗ್ತಾ ಇದೆ, ಬಿಡ್ರಿ" ಎಂದಳು. ನಾನು ಬಿಟ್ಟೆ.

ಠೂ ಬಿದ್ದ ಇಪ್ಪತ್ತೊಂದನೇ ದಿನ. ಗುಬ್ಬಿಯ ಮನೆ ಇರುವ ಗಲ್ಲಿ ಮುಂದೆ ಮುಚ್ಚಿಕೊಂಡಿದೆ, ದಿನಾ ರಿವರ್ಸ್ ತೆಗೆದುಕೊಂಡೇ ಹೊರಗೆ ಬರಬೇಕು. ಅವಳು ಇಳಿದಳು, ಬಾಗಿಲು ಹಾಕಿದಳು. ಜಾಮಿಟ್ರಿ ಬಾಕ್ಸು ಕೈಜಾರಿ ಬಿದ್ದು, ಒಳಗಿನದೆಲ್ಲ ಚೆಲ್ಲಿ ಗಾಡಿಯ ಹಿಂದಕ್ಕೆ ಉರುಳಿತಂತೆ. ಅದು ನನಗೆ ಆಮೇಲೆ ತಿಳಿದದ್ದು. ಅವಳು ಮನೆಯ ಗೇಟಿನ ಕಡೆ ಹೋದಳು ಎಂದೇ ನನ್ನ ಎಣಿಕೆ. ರಿವರ್ಸ್ ಹಾಕಿ ತಲೆಯ ಮೇಲಿನ ಕನ್ನಡಿ ನೋಡಿದೆ. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿದ್ದಳು, ಆಮೇಲೆ ತಲೆ ಒಳಗೆ ತೆಗೆದುಕೊಂಡಳು. ನಾನು ಕಾದೆ. ನಿಜವಾಗಿ ಕಾದೆ, ಒಂದು ಉಸಿರಿನಷ್ಟು. ಯಾರೂ ಏನೂ ಅನ್ನಲಿಲ್ಲ. ಕ್ಲಚ್ ಬಿಟ್ಟೆ.

ಸದ್ದಿನ ವಿಷಯ ಹೇಳಲಾರೆ. ಮೊದಲು ಕಿರುಚಿದ್ದು ನಡುವಿನ ಸೀಟಿನ ಯುಕೆಜಿ ಪಾಪ. ಹಿಂದಿನ ನಾಲ್ವರೂ ಆಗಲೂ ಬಾಯಿ ಬಿಡಲಿಲ್ಲ.

ಗುಬ್ಬಿಯ ಜೀವ ಉಳಿಯಿತು. ಎಡಗಾಲನ್ನು ಮಂಡಿಯ ಮೇಲಿನವರೆಗೂ ಕತ್ತರಿಸಿ ತೆಗೆದರು. ಠಾಣೆಯಲ್ಲಿ ನಾನು "ಹಿಂದೆ ನೋಡದೆ ತೆಗೆದೆ ಸಾರ್, ತಪ್ಪು ನನ್ನದೇ" ಎಂದು ಬರೆಸಿದೆ. ಅದು ಸುಳ್ಳೇನಲ್ಲ. ಲೈಸೆನ್ಸು, ವ್ಯಾನು ಎರಡನ್ನೂ ಇಟ್ಟುಕೊಂಡರು. ನಾಲ್ಕು ಹುಡುಗಿಯರನ್ನೂ ಕೇಳಿದರು. ನಾಲ್ವರೂ ಒಂದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ: "ನಾವು ಮಾತಾಡ್ತಾ ಇದ್ವಿ, ನೋಡ್ಲಿಲ್ಲ."

ಮೂರನೇ ದಿನ ಮಗಳು ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತು ನನ್ನನ್ನು ಕರೆದಳು.

"ಅಪ್ಪ, ನಾನು ನೋಡ್ದೆ. ಅವಳು ಬಗ್ಗಿ ಏನೋ ಆರಿಸ್ತಿದ್ಲು. ಹೋಲ್ಡಾನ್ ಅಂತ ಬಾಯಿಗೆ ಬಂದಿತ್ತು."

"ಬಂದ ಮೇಲೆ ಯಾಕೆ ಕೂಗ್ಲಿಲ್ಲ?"

"ಅವಳಿಗೋಸ್ಕರ ಬಾಯಿ ಬಿಟ್ರೆ ನಂಗೂ ಠೂ ಅಲ್ವಾ. ಕೂಗ್ಲಾ ಅಂತ ಅವಳ ಮುಖ ನೋಡ್ದೆ." ಅವಳು ಎಂದರೆ ಲೀಡರಮ್ಮ. "ಅವಳು ಉಗುರು ನೋಡ್ಕೊಳ್ತಿದ್ಲು. ಅಷ್ಟ್ರಲ್ಲಿ..."

ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಯಾವ ಮುಖ ಇಟ್ಟುಕೊಂಡು ಹೊಡೆಯಲಿ? ಸುಮ್ಮನಿದ್ದರೆ ದಾರಿ ಖಾಲಿ ಎಂದು ಹೇಳಿಕೊಟ್ಟವನು ನಾನು. ಹೋಗಿ ಆ ಸೀಟಿನಲ್ಲಿ ಕೂರು ಎಂದು ಕಣ್ಸನ್ನೆ ಮಾಡಿದವನೂ ನಾನೇ. ಅವಳನ್ನು ಅಪ್ಪಿಕೊಂಡು ಅಳಬೇಕು ಅನಿಸಿತು, ಅದೂ ಆಗಲಿಲ್ಲ. ನನ್ನ ಮಗಳನ್ನು ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು.

ಒಂಬತ್ತನೇ ದಿನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿದೆ, ಏನೂ ಕಟ್ಟಿ ಹೇಳಬೇಡ, ನೋಡಿದ್ದೆ ಅಂತ ಹೇಳು, ತಪ್ಪಾಯ್ತು ಅನ್ನು, ಅವಳು ಬೈದರೆ ಬೈಸಿಕೋ. ಹೂಂ ಎಂದಳು. ವಾರ್ಡಿನಲ್ಲಿ ಗುಬ್ಬಿಯ ಅಮ್ಮ ಸ್ಟೂಲಿನ ಮೇಲೆ ಕೂತಿದ್ದರು. ನಾನು ಕೈ ಮುಗಿದೆ. ಅವರು ನನ್ನ ಕಡೆ ನೋಡದೆ ಫ್ಲಾಸ್ಕ್ ಎತ್ತಿಕೊಂಡು ಹೊರಗೆ ಹೋದರು. ಹೊದಿಕೆ ಒಂದು ಬದಿ ಮಂಡಿಯ ಹತ್ತಿರ ಸಪಾಟಾಗಿತ್ತು. ನಾನು ಅತ್ತ ನೋಡಲಾರದೆ ಮಂಚದ ಕಂಬಿ ಹಿಡಿದು ನಿಂತೆ.

ಗುಬ್ಬಿ ನನ್ನ ಮಗಳನ್ನು ಕಂಡದ್ದೇ ತಡ, ದಿಂಬಿನಿಂದ ತಲೆ ಎತ್ತಿದಳು. ಆ ಮುಖದಲ್ಲಿ ಸಿಟ್ಟು ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಆಸೆ ಇತ್ತು. ಒಣಗಿದ ತುಟಿ ಸವರಿಕೊಂಡು ಕೇಳಿದಳು.

"ಏ, ಠೂ ಮುಗೀತಾ?"

ಈಗ ಮಗಳು ಕುಸಿಯುತ್ತಾಳೆ, ಈಗ ಗುಬ್ಬಿಯ ಕೈ ಹಿಡಿಯುತ್ತಾಳೆ ಎಂದು ನಾನು ಕಾದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇಲ್ಲದ್ದು ಖಾತ್ರಿಯಾದ ಮೇಲೆ ಬಗ್ಗಿ, ಪಿಸುದನಿಯಲ್ಲಿ ಹೇಳಿದಳು.

"ಅವಳನ್ನ ಕೇಳಿ ಹೇಳ್ತೀನಿ."