ಬ್ರೆಡ್ಡಿನ ಅಡಿಯ ಓಕ್ ಎಲೆ

ಒಲೆಯಿಂದ ತೆಗೆದ ಕಪ್ಪು ಬ್ರೆಡ್ಡನ್ನು ಎಲ್ವೀರಾ ಬೋರಲು ಹಾಕಿ ನೋಡಿದಳು. ಲಿಥುವೇನಿಯಾದ ಆ ಹಳ್ಳಿಯಲ್ಲಿ ಬ್ರೆಡ್ಡು ಬೇಯುವುದು ಓಕ್ ಎಲೆಯ ಮೇಲೆ. ಅಡಿಯಲ್ಲಿ ಎಲೆಯ ನರಗಳ ಅಚ್ಚು ಮೂಡಲೇಬೇಕು. ಮೂಡಿರಲಿಲ್ಲ. ಎಲೆ ಪುಡಿಪುಡಿಯಾಗಿ ಅಂಟಿಕೊಂಡಿತ್ತು.

ಅವಳು ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಓಕ್ ಮರದ ತುಂಬ ಕಂದು ಗುಳ್ಳೆ ಎದ್ದ ಎಲೆಗಳು. ಆಗಸ್ಟಿನಲ್ಲೇ ಮರಕ್ಕೆ ವಯಸ್ಸಾದಂತಿತ್ತು. ಕೆಳಗೆ ಗಂಡ ಜೆನೋನಾಸ್ ಸ್ಪ್ರೇ ಡಬ್ಬಿಗೆ ನೀರು ತುಂಬುತ್ತಿದ್ದ. ಪಕ್ಕದಲ್ಲಿ ವಿಷದ ಬಾಟಲಿ. ಹತ್ತು ಹೆಜ್ಜೆ ಆಚೆ ಅವಳ ಜೇನುಪೆಟ್ಟಿಗೆಗಳು.

"ಜೇನಿನ ಗತಿ ಏನು?"

"ಮರ ಬೇಕೋ, ಜೇನು ಬೇಕೋ ನಿಂಗೆ?"

"ಎರಡೂ ಬೇಕು."

"ಎರಡೂ ಬೇಕಂತೆ ಮಹಾರಾಣಿಗೆ!"

ಜಗಳ ಕೇಳಿ ಬೇಲಿಯಾಚೆಯಿಂದ ವಿಲಿಯಾ ಬಂದಳು. ಅವಳಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ. "ಯಾರ ಮೇಲಣ್ಣ ಯುದ್ಧ?"

"ಹುಳದ ಮೇಲೆ."

"ಎಲ್ಲಿದೆ ತೋರಿಸು."

ಜೆನೋನಾಸ್ ಒಂದು ಎಲೆ ಕಿತ್ತುಕೊಟ್ಟ. ತಿರುಗಿಸಿ ನೋಡಿದರೂ ಮೇಲೆ ಹುಳವಿಲ್ಲ. ವಿಲಿಯಾ ಉಗುರಿನಿಂದ ಗುಳ್ಳೆ ಬಿಡಿಸಿದಳು. ಎಲೆಯ ಎರಡು ಪದರಗಳ ನಡುವೆ ಚಪ್ಪಟೆ ಮರಿಹುಳ ಮಿಸುಕಿತು.

"ಪತಂಗದ ಮರಿ. ಒಳಗೇ ಕೂತು ಹಸಿರು ತಿನ್ನತ್ತೆ. ನಿನ್ನ ವಿಷ ಎಲೆ ಮೇಲೇ ಉಳಿಯತ್ತೆ. ಇದಕ್ಕೇನು, ಛಾವಣಿ ಮೇಲೆ ಮಳೆ ಬಿದ್ದ ಹಾಗೆ."

ಇನ್ನೊಂದು ಗುಳ್ಳೆಯಲ್ಲಿ ಹುಳ ಸತ್ತಿತ್ತು. ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಮರಿ.

"ಇದು ಕಣಜದ್ದು. ಆ ಹುಳವನ್ನೇ ತಿಂದು ಬೆಳೆಯತ್ತೆ. ವಿಷ ಹೊಡೆದ್ರೆ ಹಾರಾಡೋ ಕಣಜ ಮೊದಲು ಸಾಯತ್ತೆ, ಆಮೇಲೆ ಅಕ್ಕನ ಜೇನು."

"ಹಾಗಾದ್ರೆ ಕೈಕಟ್ಟಿ ಕೂರ್ಲಾ?"

"ಚಳಿಗಾಲ ಪೂರ್ತಿ ಹುಳ ಉದುರಿದ ಎಲೆಯೊಳಗೇ ಇರತ್ತೆ. ಎಲ್ವೀರಕ್ಕ, ಆ ಎಲೆ ಏನ್ಮಾಡ್ತೀರಿ?"

ಎಲ್ವೀರಾ ಮರದ ಬುಡದತ್ತ ತಿರುಗಿದಳು. ಮರದಡಿಯ ಗುಲಾಬಿ ಗಿಡಗಳು ಹಿಮಕ್ಕೆ ಸಾಯದಿರಲೆಂದು ಅವಳಮ್ಮ ಮಾಡುತ್ತಿದ್ದಂತೆ ಅವಳೂ ಪ್ರತಿ ವರ್ಷ...

"ಗುಲಾಬಿಗೆ ಹೊದಿಸ್ತೀನಿ."

"ಅಂದ್ರೆ ಕಂಬಳಿ ಹೊದಿಸಿ ಹುಳ ಸಾಕಿದ್ದು ಇವಳೇ!"

"ಎಲೆ ಬುಟ್ಟಿ ಹೊತ್ತು ತಂದು ಸುರಿದವರು ಯಾರು?"

ಜೆನೋನಾಸ್ ಬಾಟಲಿಯನ್ನು ತೆರೆಯದೆಯೇ ಅಂಗಡಿಗೆ ವಾಪಸ್ಸು ಒಯ್ದ.

ಎಲೆ ಉದುರುವವರೆಗೆ ಎಲ್ವೀರಾಗೆ ನೆಮ್ಮದಿಯಿಲ್ಲ. ದಿನಕ್ಕೆರಡು ಬಾರಿ ಮರ ನೋಡುವಳು. ಉದುರಿದ ಮೇಲೆ ಗಂಡ ಹೆಂಡತಿ ಒಂದೆಲೆ ಬಿಡದೆ ಬಾಚಿ, ಗುಂಡಿಗೆ ತುಂಬಿ, ಮೇಲೆ ಗೇಣುದ್ದ ಮಣ್ಣು ಮುಚ್ಚಿದರು. ಗುಲಾಬಿಗೆ ಎಲೆಯ ಬದಲು ಸೂಜಿಯೆಲೆಯ ಫರ್ ಮರದ ರೆಂಬೆ ಹೊದಿಸಿದರು. ಪತಂಗಕ್ಕೆ ಬೇಲಿಯೇನು ಲೆಕ್ಕ ಎಂದು ವಿಲಿಯಾ ಮನೆಮನೆಗೆ ಹೋಗಿ ಹೇಳಿದ್ದರಿಂದ ಇಡೀ ಬೀದಿ ಎಲೆ ಬಾಚಿತು.

ಮುಂದಿನ ಆಗಸ್ಟ್. ಎಲ್ವೀರಾ ಬ್ರೆಡ್ಡು ಬೋರಲು ಹಾಕಿದಳು. ನರನರವೂ ಮೂಡಿತ್ತು.

"ಇಲ್ಲೊಂದು ಕಡೆ ಅಳಿಸಿದೆ ನೋಡು," ಜೆನೋನಾಸ್ ಬೆರಳಿಟ್ಟ.

"ಇರಲಿ ಬಿಡಿ, ಒಂದೆರಡು ಹುಳ ಉಳಿದಿರತ್ತೆ. ಕಣಜವೂ ಉಣ್ಣಬೇಕಲ್ಲ."

ನಿಮ್ಮ ಮರದ ಎಲೆಯಲ್ಲೂ ಗುಳ್ಳೆ ಕಂಡಿದೆಯೇ? ವಿಷ ತರುವ ಮೊದಲು ಒಂದನ್ನು ಬಿಡಿಸಿ ನೋಡಿ. ಈ ಸಲ ಉದುರುವ ಎಲೆಯನ್ನು ಬುಡದಲ್ಲಿ ಬಿಡಬೇಡಿ, ಬಾಚಿ, ಹೂಳಿ. ಪಕ್ಕದ ಮನೆಯವರನ್ನೂ ಕೂಗಿ ಕರೆಯಿರಿ.