ಮೀನಿನ ಮನೆಗೆ ಹೋದ ಬೆಕ್ಕು

ಮಾದಾಪುರದಲ್ಲಿ ಬಟ್ಟೆ ಹೊಲಿಯುವ ವಿಶಾಲಾಕ್ಷಮ್ಮನ ಮನೆಯಲ್ಲಿ ಮಾತಾಡಿಸಲು ಇದ್ದದ್ದು ಒಂದೇ ಜೀವ, ದೊಡ್ಡಿ ಎಂಬ ಬೂದು ಬೆಕ್ಕು. ಈಗ ಅದೂ ಮುನಿಸಿಕೊಂಡಿತ್ತು. ಮೊಸರನ್ನ ಕಂಡರೆ ಓಡಿ ಬರುವುದು, ಒಂದು ತುತ್ತು ಬಾಯಿಗೆ ಹಾಕಿದ್ದೇ ತಟ್ಟೆಗೆ ಗುರ್ ಎಂದು ಬೈದು ಕೆಂಚಿಯ ಮನೆಯತ್ತ ಓಟ ಕೀಳುವುದು.

ಕೆಂಚಿ ಪಕ್ಕದ ಮನೆಯವಳು, ಕಾಫಿ ಎಸ್ಟೇಟಿಗೆ ಹಣ್ಣು ಕೊಯ್ಯಲು ಹೋಗುವವಳು. ಅವಳ ಒಲೆಯ ಮೇಲೆ ದಿನಾ ಮೀನು. ವಿಶಾಲಾಕ್ಷಮ್ಮನದು ಮೊಟ್ಟೆಯನ್ನೂ ಒಳಗೆ ಬಿಡದ ಲಿಂಗಾಯತರ ಮನೆ. ಸಾಲದ್ದಕ್ಕೆ ದೊಡ್ಡಿಯ ಬಾಯಿ ಗಬ್ಬು ನಾರುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

“ಹೋಗು, ಮೀನೇ ತಿನ್ಹೋಗು. ನನ್ನ ಮೊಸರನ್ನ ನಿಂಗ್ಯಾಕೆ ರುಚ್ಸತ್ತೆ?” ಎಂದು ಬೈದು, ಊಟಕ್ಕೆ ಕರೆಯುವುದನ್ನೇ ಬಿಟ್ಟಳು. ಬೆಕ್ಕಿನ ಮೇಲೆ ಯಾರಾದರೂ ಹಗೆ ಸಾಧಿಸುತ್ತಾರೆಯೆ? ಪಾಪ, ಅವಳಿಗೆ ಮುನಿಯಲೂ ಬೇರೆ ಯಾರಿದ್ದರು!

ಒಂದು ಬೆಳಿಗ್ಗೆ ದೊಡ್ಡಿ ಹೊಲಿಗೆ ಮಿಷನ್ನಿನ ಕೆಳಗೆ ಬಂದು ಬಿದ್ದುಕೊಂಡಿತು. ನೇವರಿಸಿದರೆ ಪಕ್ಕೆಲುಬು ಕೈಗೆ ಸಿಕ್ಕಿತು. ದಿನಾ ಮೀನು ತಿನ್ನುವ ಬೆಕ್ಕು ಹೀಗೆ ಸೊರಗುವುದುಂಟೆ? ವಿಶಾಲಾಕ್ಷಮ್ಮ ಮೊದಲ ಸಲ ಕೆಂಚಿಯ ಬಾಗಿಲು ತಟ್ಟಿದಳು.

“ಏನು ಹಾಕ್ತಿದ್ದೀಯೇ ಇದಕ್ಕೆ?”

“ಹಾಕಿದ್ರೆ ಎಲ್ಲಿ ತಿಂತದೆ ಅಕ್ಕಾ? ಮೂಸಿ ಓಡ್ತದೆ. ನಿಮ್ಮನೇಲೇ ಹಾಲು, ಮೊಸ್ರು ತಿಂದು ಹೊಟ್ಟೆ ತುಂಬಿರ್ತದೆ ಅಂದ್ಕೊಂಡಿದ್ದೆ.”

ಎರಡು ಮನೆಗಳ ನಡುವೆ ಒಂದು ಜೀವ ಉಪವಾಸ ಬಿದ್ದಿತ್ತು. ವಿಶಾಲಾಕ್ಷಮ್ಮ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆ ದಿವ್ಯಶ್ರೀಯ ಬಳಿಗೆ ಓಡಿದಳು.

ದಿವ್ಯಶ್ರೀ ಬೆಕ್ಕಿನ ತುಟಿ ಎತ್ತಿ ತೋರಿಸಿದರು. ವಸಡು ಕೆಂಪಗೆ ಊದಿತ್ತು, ದವಡೆ ಹಲ್ಲುಗಳ ಬುಡದಲ್ಲಿ ಕೀವು.

“ಹಸಿವು ಇದೆ ಅಮ್ಮ, ಅದಕ್ಕೇ ಓಡಿ ಬರತ್ತೆ. ಕಚ್ಚಿದ್ ಕೂಡ್ಲೆ ಪ್ರಾಣ ಹೋಗೋ ಹಾಗೆ ನೋಯತ್ತೆ. ಬಾಯಿ ವಾಸನೆ ಬಂದಾಗ್ಲೇ ಕರ್ಕೊಂಡು ಬರಬಾರದಿತ್ತಾ?”

“ನಾನು ಮೀನಿನ ವಾಸನೆ ಅಂದ್ಕೊಂಡೆ,” ಎಂದು ವಿಶಾಲಾಕ್ಷಮ್ಮ ಬೆಕ್ಕಿನ ಬೆನ್ನು ಸವರಿದಳು. “ಉಳಿಯತ್ತಾ?”

“ತುಂಬ ಸೊರಗಿದೆ. ಸ್ವಲ್ಪ ಸುಧಾರಿಸ್ಲಿ, ಆಮೇಲೆ ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಟ್ಟು ಹಲ್ಲು ಕೀಳೋಣ.”

ಹಲ್ಲು ಕೀಳುವ ದಿನ ಅವಳು ಹೊರಗಿನ ಬೆಂಚಿನ ಮೇಲೆ ಖಾಲಿ ಬುಟ್ಟಿ ಹಿಡಿದು ಕೂತಿದ್ದಳು. ಇದೊಂದು ಹೋದರೆ ನಾಳೆಯಿಂದ ಯಾರನ್ನು ಬೈಯಲಿ ಎಂದು ಅಳು ಬಂತು. ಒಳಗಿನಿಂದ ಕ್ಷೀಣವಾಗಿ ಮಿಯಾವ್ ಎಂದಾಗಲೇ ಅವಳಿಗೆ ಉಸಿರು ಬಂದದ್ದು.

ಗಾಯ ಮಾಯುವವರೆಗೆ ಮೊಸರನ್ನವನ್ನು ಗಂಜಿಯ ಹಾಗೆ ಕಿವುಚಿ ಬೆರಳಲ್ಲಿ ನೆಕ್ಕಿಸಿದಳು. ದೊಡ್ಡಿ ಅವಳ ಮಡಿಲು ಬಿಟ್ಟು ಇಳಿಯಲಿಲ್ಲ. ಅಷ್ಟು ಸುಖ ಆ ಮನೆ ಕಂಡಿರಲಿಲ್ಲ.

ಮೈ ತುಂಬಿಕೊಂಡ ಮೇಲೆ ಒಂದು ಸಂಜೆ ಬೆಕ್ಕು ತಟ್ಟೆ ಮೂಸಿತು. ಗುರ್ ಎನ್ನಲಿಲ್ಲ, ಓಡಲೂ ಇಲ್ಲ. ಬಾಲ ಎತ್ತಿಕೊಂಡು ನಿಧಾನವಾಗಿ ಹೊಸಿಲು ದಾಟಿತು.

“ಅಕ್ಕಾ, ತಿಂತು!” ಪಕ್ಕದಿಂದ ಕೆಂಚಿ ಕೂಗಿದಳು. “ಮುಳ್ಳು ತೆಗ್ದು ಹಾಕ್ದೆ, ಪೂರ್ತಿ ತಿಂತು!”

ವಿಶಾಲಾಕ್ಷಮ್ಮನಿಗೆ ಖುಷಿಯಾಯಿತು, ನಿಜವಾಗಿಯೂ ಆಯಿತು. ಈಗ ಹಲ್ಲುನೋವಿಲ್ಲ, ಮುನಿಸಿಲ್ಲ. ಬೆಕ್ಕು ಮೀನಿಗೆಂದೇ ಹೋಗಿತ್ತು.

“ತಿನ್ಲಿ ಬಿಡು,” ಎಂದಳು. ಅದು ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿರಲಿಲ್ಲ. ಆಮೇಲೆ ತಟ್ಟೆ ಎಳೆದುಕೊಂಡು, ಬೆಕ್ಕಿಗೆಂದು ಉಪ್ಪಿಲ್ಲದೆ ಕಲಸಿದ್ದ ಮೊಸರನ್ನವನ್ನು ತಾನೇ ಉಂಡಳು.