ಕೇಳುಗರ ಪುಸ್ತಕ

ಹತ್ತೊಂಬತ್ತನೆಯ ನಂಬರು ಒತ್ತಿ ಪಿಟೀಲು ಮೇಷ್ಟ್ರು ಫೋನನ್ನು ಕಿವಿಗೆ ಹಿಡಿದರು. ಎರಡೇ ರಿಂಗಿಗೆ ಆ ಕಡೆಯಿಂದ ಹೆಂಗಸೊಬ್ಬರ ದನಿ ಕುಣಿದು ಬಂತು.

"ಹೇಳಿ ಮಫ್ಲರಣ್ಣಾ! ಯಾವತ್ತು ಕಾರ್ಯಕ್ರಮ?"

"ನಾನು ಅವನಲ್ಲಮ್ಮ, ಅವನ ಸ್ನೇಹಿತ. ಅವನು ನಿನ್ನೆ ಬೆಳಿಗ್ಗೆ ಹೋಗ್ಬಿಟ್ಟ. ಎದೆನೋವು. ಇವತ್ತು ನಾಲ್ಕು ಗಂಟೆಗೆ ತಗೊಂಡು ಹೋಗ್ತೀವಿ."

ಆ ಕಡೆ ಅಳು ಶುರುವಾಯಿತು. ಹತ್ತೊಂಬತ್ತು ಸಲವೂ ಹೀಗೇ ಆಗಿತ್ತು. ಮೊದಲು ಆ ಖುಷಿ, ಆಮೇಲೆ ಈ ಅಳು. ಅಳುವನ್ನು ಹೇಗೋ ಸಹಿಸಬಹುದಿತ್ತು, ಆ ಖುಷಿಯನ್ನು ಕೇಳಿದಾಗಲೆಲ್ಲ ಮೇಷ್ಟ್ರಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ಮೂವತ್ತು ವರ್ಷ ಪಿಟೀಲು ನುಡಿಸಿದ್ದಾಯಿತು. ತಮ್ಮ ನಂಬರು ಕಂಡು ಒಬ್ಬರಾದರೂ ಹೀಗೆ ಹಿಗ್ಗಿದ್ದುಂಟೇ?

ಸತ್ತವನ ಫೋನಿನಿಂದಲೇ ಮಾಡಬೇಕೆಂದು ಹಠ ಹಿಡಿದವಳು ಅವನ ತಂಗಿ. "ಗೊತ್ತಿಲ್ಲದ ನಂಬರ್ ಆದ್ರೆ ಯಾರೂ ಎತ್ತಲ್ಲ ಅಣ್ಣ. ಅವನದ್ದಾದ್ರೆ ಊಟ ಬಿಟ್ಟು ಎತ್ಕೋತಾರೆ," ಎಂದು ಫೋನಿನ ಜೊತೆ ಅವನ ಕೇಳುಗರ ಪುಸ್ತಕವನ್ನೂ ಮೇಷ್ಟ್ರ ಕೈಗೆ ಕೊಟ್ಟಿದ್ದಳು.

ಹೆಸರಿಗೆ ಪುಸ್ತಕ, ನೋಡಿದರೆ ಅಂಚು ಹರಿದ ಶಾಲೆಯ ನೋಟ್‌ಬುಕ್ಕು. ಒಂದೊಂದು ನಂಬರಿನ ಪಕ್ಕ ಒಂದೊಂದು ಷರಾ. ಲೈಬ್ರರಿ ಮೇಡಂ: ಮಂಡಿನೋವು, ಅಂಚಿನ ಕುರ್ಚಿ. ಬಸ್ ಡ್ರೈವರ್: ಮೂರನೇ ಹಾಡಿಗೆ ಎದ್ದು ಹೋಗ್ತಾರೆ, ಡ್ಯೂಟಿ, ಬೇಜಾರಾಗಬಾರದು. ಔಷಧಿ ಅಂಗಡಿಯವರು: ಹೆಂಡತಿ ತೀರಿಕೊಂಡಿದ್ದಾರೆ, ಈ ವರ್ಷ ಅಗಲಿಕೆಯ ಹಾಡು ಬೇಡ.

ತಂಗಿ ಒಳಗೆ ಹೋದಾಗಲೆಲ್ಲ ಮೇಷ್ಟ್ರು ತಮ್ಮ ಫೋನು ತೆಗೆದು ಪುಟಗಳ ಫೋಟೋ ಹೊಡೆದುಕೊಳ್ಳುತ್ತಿದ್ದರು. ಬರುವ ಭಾನುವಾರ ಅವರದ್ದೇ ಕಾರ್ಯಕ್ರಮವಿತ್ತು. ಇನ್ನೂರು ಕುರ್ಚಿಯ ಸಭಾಂಗಣ, ಬರುತ್ತೇವೆಂದವರು ಒಂಬತ್ತು ಜನ, ಅದರಲ್ಲಿ ನಾಲ್ವರು ಶಿಷ್ಯರ ಅಪ್ಪ ಅಮ್ಮಂದಿರು. ಸತ್ತವನಿಗೆ ಕೇಳುಗರು ಯಾಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಮನಸ್ಸು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಫೋಟೋ ಹೊಡೆಯುವುದೂ ನಿಲ್ಲಲಿಲ್ಲ.

*

ಇಬ್ಬರೂ ಜೊತೆಗೇ ಶುರು ಮಾಡಿದವರು. ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಅವನು ಗಿಟಾರ್ ಹಿಡಿದು ಹಾಡುತ್ತಿದ್ದ, ಮೇಷ್ಟ್ರದ್ದು ಪಿಟೀಲು. ಮ್ಯಾನೇಜರಿಲ್ಲ, ಕಂಪನಿಯಿಲ್ಲ. ಕಾಫಿ ಅಂಗಡಿ, ಪುಸ್ತಕದಂಗಡಿ ಎಂದು ಅಲೆದು ದಿನ ಗೊತ್ತು ಮಾಡಿಕೊಳ್ಳುವವರೂ ಅವರೇ, ಕುರ್ಚಿ ಜೋಡಿಸುವವರೂ ಅವರೇ. ಕಾರ್ಯಕ್ರಮ ಮುಗಿದು ಮೇಷ್ಟ್ರು ಪಿಟೀಲಿಗೆ ಬಟ್ಟೆ ಸುತ್ತುವಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತು ಜನರ ಮುಂದೆ ಪುಸ್ತಕ ಚಾಚುತ್ತಿದ್ದ.

"ಬೇಡೋಕೆ ನಿಂತ ಹಾಗೆ ಕಾಣುತ್ತೆ ಕಣೋ. ಚೆನ್ನಾಗಿ ನುಡಿಸಿದ್ರೆ ಜನ ತಾವಾಗೇ ಬರ್ತಾರೆ."

"ಬರ್ತಾರೆ ಮೇಷ್ಟ್ರೇ. ಆದ್ರೆ ಯಾವತ್ತು ಅಂತ ಯಾರಾದ್ರೂ ಹೇಳ್ಬೇಕಲ್ಲ?"

ಆ ಮಾತಿಗೇ ಮುನಿಸಾಗಿ ಮೇಷ್ಟ್ರು ಬೇರೆಯಾದರು. ಮುಂದೊಮ್ಮೆ ಇಬ್ಬರ ಕಾರ್ಯಕ್ರಮವೂ ಒಂದೇ ಸಂಜೆ ಬಿತ್ತು. ಮೇಷ್ಟ್ರಿಗೆ ಬಂದವರು ಹನ್ನೊಂದು ಜನ. ಅವನೂ ನೊಣ ಹೊಡೆಯುತ್ತಿರಬೇಕು, ಕಣ್ತುಂಬ ನೋಡಿ ಬರೋಣವೆಂದು ಬೇಗ ಮುಗಿಸಿ ಓಡಿದರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ತಲೆ ಎಣಿಸಿದರು. ಅವನು ಎರಡು ಕಡೆ ತಾಳ ತಪ್ಪಿದ್ದನ್ನು ಗುರುತಿಟ್ಟುಕೊಂಡರು. ಜನ ಏಳುವ ಮೊದಲೇ ಜಾಗ ಖಾಲಿ ಮಾಡಿದರು. ಆಮೇಲೆ ಅದೇ ಒಂದು ಚಟವಾಯಿತು, ಅವನ ಒಂದು ಕಾರ್ಯಕ್ರಮವನ್ನೂ ಬಿಟ್ಟವರಲ್ಲ. ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ನಂಬಿದ್ದರು.

*

ಎರಡು ಗಂಟೆಯ ಹೊತ್ತಿಗೆ ನಡುಮನೆ ತುಂಬಿ, ಜನ ಮೆಟ್ಟಿಲ ಮೇಲೂ ನಿಂತಿದ್ದರು. ಬಸ್ ಡ್ರೈವರು ಟೋಪಿ ಹಿಸುಕುತ್ತಾ ಎಲ್ಲರಿಗೂ ಹೇಳುತ್ತಿದ್ದ: "ನಾನು ಬೇಗ ಎದ್ದು ಹೋಗ್ತೀನಿ ಅಂತ ನನಗಿಷ್ಟವಾದ ಹಾಡನ್ನ ಮೊದಲಿಗೇ ತಂದುಬಿಟ್ಟಿದ್ದ ಪುಣ್ಯಾತ್ಮ."

ಲೈಬ್ರರಿ ಮೇಡಂ ಮೇಷ್ಟ್ರತ್ತ ತಿರುಗಿದರು. "ನೀವು?"

"ಅವನ ಜೊತೆ ಪಿಟೀಲು ನುಡಿಸ್ತಿದ್ದೆ."

"ಹೌದಾ? ಮಫ್ಲರಣ್ಣನ ಜೊತೆ ಪಿಟೀಲೂ ಇತ್ತಾ?"

ಮೇಷ್ಟ್ರು ಮೆಟ್ಟಿಲ ಕಡೆ ಮುಖ ತಿರುಗಿಸಿದರು. ಸತ್ತು ಮಲಗಿದವನ ಮೇಲೂ ಹೊಟ್ಟೆಕಿಚ್ಚು ಪಡುತ್ತಿರುವ ತಮ್ಮ ಬಗ್ಗೆ ಅವರಿಗೇ ಹೇಸಿಗೆಯಾಯಿತು. ಆದರೂ ಕಣ್ಣು ಮಾತ್ರ ಮೆಟ್ಟಿಲ ಮೇಲಿನ ತಲೆಗಳನ್ನು ಎಣಿಸುತ್ತಲೇ ಇತ್ತು.

"ಬೆಳಿಗ್ಗೆಯಿಂದ ನೀವೊಬ್ಬರೇ ಮಾಡ್ತಿದ್ದೀರಿ, ಇತ್ತ ಕೊಡಿ ಅಣ್ಣ. ಉಳಿದದ್ದು ಒಂದೇ ಪುಟ," ಎಂದು ತಂಗಿ ಫೋನನ್ನೂ ಪುಸ್ತಕವನ್ನೂ ಕಸಿದುಕೊಂಡಳು. "ಇದ್ಯಾರೋ, ಹೆಸರೇ ಬರೆದಿಲ್ಲ. 'ಇವರು ಬಂದ ದಿನ ಮೈಯೆಲ್ಲ ಎಚ್ಚರ ಇರಬೇಕು. ಇಡೀ ಸಭೇಲಿ ಕಿವಿ ಅಂತ ಇರೋದು ಇವರೊಬ್ಬರಿಗೇ.'"

ಮೇಷ್ಟ್ರ ಕೆಂಡ ಮತ್ತೆ ಹೊತ್ತಿಕೊಂಡಿತು. ಯಾರಪ್ಪ ಈ ಮಹಾನುಭಾವ? ಇಡೀ ಪುಸ್ತಕದಲ್ಲಿ ತಮಗೆ ಬೇಕಾಗಿದ್ದ ಕೇಳುಗನೆಂದರೆ ಇವನೊಬ್ಬನೇ, ಇವನ ಪುಟದ ಫೋಟೋ ಹೊಡೆಯುವುದೇ ಬಾಕಿ ಉಳಿದಿತ್ತು.

ತಂಗಿ ನಂಬರು ಒತ್ತುತ್ತಲೇ ಮುಂದೆ ಓದಿದಳು. "'ಫೋನ್ ಮಾಡಬಾರದು. ಮನೆ ಎದುರಿನ ಗೋಡೆಗೆ ಪೋಸ್ಟರ್ ಅಂಟಿಸಿದ್ರೆ ಸಾಕು, ಬರ್ತಾರೆ. ಕುರ್ಚಿ ತೋರಿಸಬಾರದು, ಬಾಗಿಲಿಂದಲೇ ಓಡಿಬಿಡ್ತಾರೆ.'"

ತಮ್ಮ ಮನೆಯೆದುರಿನ ಗೋಡೆಯ ಮೇಲೆ ಆ ಪೋಸ್ಟರುಗಳನ್ನು ಕಂಡು, ಬೇಕೆಂದೇ ಉರಿಸಲು ಅಂಟಿಸುತ್ತಾನೆ ಎಂದು ಮೇಷ್ಟ್ರು ಎಷ್ಟು ವರ್ಷ ಹಲ್ಲು ಕಡಿದಿದ್ದರು!

"ಅವರಿಗೆ ಬೇಡ, ಬಿಡಮ್ಮ," ಎಂದು ಫೋನಿಗೆ ಕೈ ಚಾಚಿದರು.

"ಯಾಕೆ ಬೇಡ? ಇವತ್ತಾದ್ರೂ ಅವರಿಗೆ ಗೊತ್ತಾಗ್ಬೇಕಲ್ಲ, ಪಾಪ," ಎನ್ನುತ್ತ ಅವಳು ಕಿಟಕಿಯ ಕಡೆ ನಡೆದಳು.

ಮೇಷ್ಟ್ರ ಜೇಬಿನಲ್ಲಿ ಫೋನು ಜೋರಾಗಿ ಬಡಿದುಕೊಂಡಿತು. ನಡುಮನೆಯ ಮಾತೆಲ್ಲ ನಿಂತು ಜನ ಅವರತ್ತ ತಿರುಗಿದರು. ತೆಗೆದು ನೋಡಿದರೆ ಪರದೆಯ ಮೇಲೆ 'ಮಫ್ಲರ್' ಎಂದಿತ್ತು. ಕಿಟಕಿಯ ಬಳಿ ಅವನ ತಂಗಿ ಬೆನ್ನು ಮಾಡಿ ನಿಂತು, ಆ ಕಡೆಯವರು ಎತ್ತಲೆಂದು ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಿದ್ದಳು.